ಮಗುಚಿದ ಚಿಪ್ಪು

ಪಟ್ಟಣದ ಕೋಟೆಗೆ ಮುತ್ತಿಗೆ ಬಿದ್ದಿದ್ದ ಆ ಬೇಸಿಗೆಯಲ್ಲಿ ಗಾಯಾಳುಗಳನ್ನು ಕಿರಂಗೂರಿನ ಆಚೆಯ ಹಳೆಯ ಮಂಟಪಕ್ಕೆ ತಂದು ಮಲಗಿಸುತ್ತಿದ್ದರು. ಅವರ ಆರೈಕೆಗೆ ಊರಿನ ಹೆಂಗಸರು ಆರು ಮಂದಿ. ಅವರಲ್ಲೊಬ್ಬಳು ನಾನು, ನಾಗಮಂಗಲದ ಕಮ್ಮಾರರ ಮನೆಯ ಮಗಳು, ಈ ಊರಿಗೆ ಸೊಸೆ, ಮೂಗಿನ ತುದಿಯಲ್ಲೇ ಕೋಪ. ನಮ್ಮೆಲ್ಲರ ಮೇಲೆ ಒಕ್ಕಲಿಗರ ಮನೆಯ ಒಬ್ಬ ಮುದುಕಿ. ಎಲ್ಲರಿಗೂ ಅವಳು ದೊಡ್ಡವ್ವ.

ದೊಡ್ಡವ್ವ ಯಾರನ್ನೂ ಗದರಿದವಳಲ್ಲ. ಗದರಿದ್ದರೆ ನಾನೂ ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳ ಅಧಿಕಾರವೆಲ್ಲ ಕೈಯಲ್ಲಿತ್ತು. ಪ್ರತಿ ಚಾಪೆಯ ತಲೆಯ ಹತ್ತಿರ ಒಂದು ತೆಂಗಿನ ಚಿಪ್ಪು. ಬೆಳಿಗ್ಗೆ ಅವಳು ಮುಂದೆ ನಡೆಯುವಳು, ನಾವು ಅಂಬಲಿಯ ಗಡಿಗೆ ಹೊತ್ತು ಹಿಂದೆ. ಅವಳು ಮುಟ್ಟದೆ ದಾಟಿದ ಚಿಪ್ಪಿಗೆ ಒಂದು ಸೌಟು ಅಂಬಲಿ. ಮಗುಚಿಟ್ಟ ಚಿಪ್ಪಿಗೆ ಏನೂ ಇಲ್ಲ. ಯಾರ ಚಿಪ್ಪು ಮಗುಚಿದಳೋ ಅವನು ಸಂಜೆಯೊಳಗೆ ಸಾಯುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ.

ಅವಳ ಕಾಲಸಪ್ಪಳ ಕೇಳಿದರೆ ನರಳುವವರೂ ಸುಮ್ಮನಾಗುತ್ತಿದ್ದರು. ಅಷ್ಟು ಜನರಿರುವ ಕಡೆ ಅಂಥ ಮೌನ ನಾನು ಬೇರೆಲ್ಲೂ ಕೇಳಿಲ್ಲ. ಚಿಪ್ಪು ಕಲ್ಲಿಗೆ ತಾಗಿ ಟಕ್ ಎನ್ನುತ್ತಿತ್ತು. ಆ ಚಿಪ್ಪಿನವನು ಯಾರೇ ಆಗಿರಲಿ, ಗೋಡೆಯ ಕಡೆ ಮುಖ ಮಾಡುತ್ತಿದ್ದ, ನೀರು ಸಹ ಕೇಳುತ್ತಿರಲಿಲ್ಲ. ಮುದುಕಿಗೆ ಸಾವು ಕಣ್ಣಿಗೆ ಕಾಣುತ್ತದೆ ಎಂದು ನಾವು ಆರು ಜನವೂ ನಂಬಿದ್ದೆವು. ನಾನಂತೂ ಅವಳ ನೆರಳು ಮೇಲೆ ಬೀಳದಂತೆ ಸರಿದು ನಿಲ್ಲುತ್ತಿದ್ದೆ.

ಒಂದು ದಿನ ನನ್ನ ಸ್ವಂತ ತಮ್ಮನನ್ನೇ ಹೊತ್ತು ತಂದರು. ತೊಡೆಗೆ ಗುಂಡು ಬಿದ್ದಿತ್ತು. ಎರಡನೆಯ ಬೆಳಿಗ್ಗೆ ದೊಡ್ಡವ್ವ ಅವನ ಚಾಪೆಯ ಮುಂದೆ ನಿಂತಳು, ಬಗ್ಗಿದಳು. ಟಕ್.

"ಅಕ್ಕಯ್ಯಾ, ನಂದು ಮಗುಚ್ಬುಟ್ಲು ಕಣಕ್ಕಯ್ಯಾ" ಎಂದ.

ನಾನು ಚಿಪ್ಪು ಎತ್ತಿ ನೆಟ್ಟಗಿಟ್ಟೆ, ಸೌಟು ತುಂಬ ಹುಯ್ದೆ, ತಲೆ ಎತ್ತಿ ಹಿಡಿದು ಕುಡಿಸಿದೆ. ಮೂರು ಚಾಪೆ ಆಚೆಯಿಂದ ದೊಡ್ಡವ್ವ ತಿರುಗಿ ನೋಡಿದಳು. ಮತ್ತೆ ಮುಂದೆ ನಡೆದಳು.

ಕೊನೆಯ ಚಾಪೆಯ ಹೊತ್ತಿಗೆ ಗಡಿಗೆ ಬರಿದಾಗಿತ್ತು. ಅಲ್ಲಿದ್ದವನ ಚಿಪ್ಪು ನೆಟ್ಟಗೇ ಇತ್ತು. ಅವನು ನನ್ನ ಮುಖ ನೋಡಿದ, ಗಡಿಗೆ ನೋಡಿದ, ಆಮೇಲೆ ತಾನೇ ಕೈ ಚಾಚಿ ಚಿಪ್ಪು ಮಗುಚಿದ. ಸಂಜೆ ಅವನ ಹೆಣವನ್ನು ಹೊರಗೆ ಹೊತ್ತರು. ನನ್ನ ತಮ್ಮನ ಜ್ವರ ಇಳಿದಿತ್ತು. ಅಳಬೇಕೋ ನಗಬೇಕೋ ತಿಳಿಯದೆ ನೇರ ದೊಡ್ಡವ್ವನ ಬಳಿ ಹೋದೆ.

"ಸಾಯೋರು ಯಾರು ಅಂತ ನಿಂಗೆ ಎಂಗೆ ಗೊತ್ತಾಯ್ತದೆ ದೊಡ್ಡವ್ವ?"

"ನಂಗೆಲ್ಲಿ ಗೊತ್ತು ಕಣವ್ವ? ರಾಗಿ ಇಟ್ಟು ಎಷ್ಟು ಜನುಕ್ಕಾಯ್ತದೆ ಅಂತ ಗೊತ್ತು, ಅಷ್ಟೆಯಾ."

ಮಾರನೆಯ ಬೆಳಿಗ್ಗೆ ಅವಳು ನನ್ನನ್ನು ಮುಂದೆ ಬಿಟ್ಟಳು. "ಇವತ್ತು ನೀನೋಗು. ಒಬ್ಬನ್ದು ಮಗುಚ್ಬೇಕು" ಎಂದಳು. ಚಾಪೆಗಳ ನಡುವೆ ನಡೆದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ತಮ್ಮನೂ ನೋಡುತ್ತಿದ್ದ. ಅವನನ್ನು ದಾಟಿದೆ. ಅವನ ಪಕ್ಕದಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ, ಹಿಂದಿನ ರಾತ್ರಿಯಷ್ಟೇ ನನ್ನನ್ನು ತಾಯಿ ಎಂದು ಕರೆದು ನೀರು ಕೇಳಿದ್ದವನು. ಅವನ ಮುಂದೆ ಬಗ್ಗಿದೆ.

ಸಂಜೆ ಅವನು ಸತ್ತ.