ಸಾವ್ಕಾರರನ್ನು ಮುಂದಿನ ಹಲಗೆಗೆ ಕೂರಿಸಿದ್ದು

ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದಕ್ಕೂ ಮುನ್ನ ನಾನು ಅರ್ಜಿಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಬರವಣಿಗೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸುವುದು. ಆದರೆ ಈ ಕೆಳಗೆ ನಿವೇದಿಸಿರುವ ನನ್ನ ನಡತೆಯ ಬಗ್ಗೆ ಯಾರಲ್ಲಿಯೂ ಕ್ಷಮೆ ಕೋರುವ ಉದ್ದೇಶವಿರುವುದಿಲ್ಲ.

ನಾನು ಬರದ ಸೀಮೆಯಾದ ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆಯವಳು. ಮದುವೆಯಾಗಿ ಕೆರೆಬಿಳಚಿಗೆ ಬಂದವಳು. ಇಲ್ಲಿನ ದೊಡ್ಡ ಕೆರೆಯಲ್ಲಿ ಬಂದವರನ್ನು ಸುತ್ತಾಡಿಸುವ ದೋಣಿಗಳು ಚನ್ನಗಿರಿಯ ಒಬ್ಬ ಸಾವ್ಕಾರರದ್ದು. ಅವರಲ್ಲಿ ಮೊದಲು ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದೆ. ಬಿಡುವಿದ್ದಾಗಲೆಲ್ಲ ಮೋಟಾರು ದೋಣಿ ನಡೆಸುವುದನ್ನು ಕಲಿತು, ಕೊನೆಗೆ ಅದನ್ನೇ ನಡೆಸುವವಳಾದೆ.

ಸದರಿ ದೋಣಿಯು ಚಿಕ್ಕದು. ಅಡ್ಡಲಾಗಿ ಮೂರು ಹಲಗೆ, ಹಿಂಬದಿಯ ಅಂಚಿಗೆ ಕಚ್ಚಿಸಿದ ಒಂದು ಮೋಟಾರು. ಮೋಟಾರಿನ ಹಿಡಿಯನ್ನು ತಿರುವಿದರೆ ವೇಗ, ಅತ್ತಿತ್ತ ತಳ್ಳಿದರೆ ದಿಕ್ಕು. ನಾನೊಬ್ಬಳೇ ಇದ್ದಾಗ ಅದು ನೀರನ್ನು ಸೀಳುವುದನ್ನು ಬಿಟ್ಟು, ನೀರಿನ ಮೇಲಕ್ಕೇ ಎದ್ದು ಜಾರುತ್ತಿತ್ತು. ಇದಕ್ಕೆ ನಾವು ದೋಣಿ ಏಳುವುದು ಎನ್ನುತ್ತೇವೆ. ನಾಲ್ವರು ಪ್ರಯಾಣಿಕರು ಹತ್ತಿದರೆ ಮಾತ್ರ ಏಳುತ್ತಿರಲಿಲ್ಲ. ಮೂತಿ ಆಕಾಶಕ್ಕೆ, ಹಿಂಭಾಗ ನೀರಿಗೆ. ಎಂಜಿನ್ನಿನ ಅರಚಾಟ ಊರಿಗೆಲ್ಲ ಕೇಳಿಸಿದರೂ ವೇಗ ಎಮ್ಮೆ ಈಜಿದಷ್ಟೇ. ಬಂದವರು ಇಳಿಯುವಾಗ ನಗುತ್ತಿದ್ದರು.

ಆದ ಕಾರಣ ಸಾವ್ಕಾರರು ಹೊನ್ನಾಳಿಯಿಂದ ಒಬ್ಬ ದೋಣಿಗಾರನನ್ನು ಕರೆಸಿದರು. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ನನ್ನನ್ನು ನೋಡಿದವನೇ ಸಾವ್ಕಾರರ ಕಡೆ ತಿರುಗಿದ.

"ಜಗಳೂರು ಕಡೆಯೋಳ ಕೈಗೆ ದೋಣಿ ಕೊಟ್ಟೀರಲ್ರೀ. ಅವ್ರಿಗೆ ನೀರು ಅಂದ್ರೆ ಕೊಡದಾಗೆ ಇರೋದು ಅಷ್ಟೇ."

"ಕೊಡ ಹೊತ್ತೋಳಿಗೆ ನೀರಿನ ಭಾರ ಹೆಂಗೈತೆ ಅಂತ ಗೊತ್ತಿರ್ತೈತಣ್ಣ," ಎಂದೆ. "ನೀನು ಹೊತ್ತೀಯಾ?"

ಸಾವ್ಕಾರರು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ನೋಡಮ್ಮಾ, ಭಾನುವಾರ ನಾಲ್ಕು ಮಂದಿನ ಕೂರಿಸ್ಕಂಡು ಎಬ್ಬಿಸು. ಎದ್ರೆ ದೋಣಿ ನಿನ್ ಕೈಯಾಗೇ ಇರ್ಲಿ. ಏಳ್ಲಿಲ್ಲ ಅಂದ್ರೆ ಟಿಕೆಟ್ ಕಿಟಕಿಗೆ ಹೋಗು, ಇವ್ನು ನಡೆಸ್ತಾನೆ."

ಉಳಿದಿದ್ದು ನಾಲ್ಕು ದಿನ. ತವರಿನಲ್ಲಿ ಶೇಂಗಾ ಚೀಲ ಹೇರಿದ ಗಾಡಿ ದಿಣ್ಣೆ ಹತ್ತುವಾಗ ಹಿಂಭಾರವಾದರೆ ನೊಗ ಮೇಲೇಳುತ್ತಿತ್ತು. ಆಗ ನನ್ನ ಅಜ್ಜ ಎತ್ತುಗಳಿಗೆ ಬಾರುಕೋಲು ಬೀಸುತ್ತಿರಲಿಲ್ಲ; "ಎಲ್ರೂ ಮುಂದಕ್ಕೆ ಸರೀರಿ" ಎಂದು ನಮ್ಮನ್ನು ಗದರುತ್ತಿದ್ದ. ಅದು ನೆನಪಾಗಿ, ಮಾರನೆಯ ಬೆಳಗ್ಗೆ ಮರಳು ಚೀಲಗಳನ್ನು ದೋಣಿಗೆ ಹೇರಿ ನೋಡಿದೆ. ಹಿಂದಿಟ್ಟರೆ ಏಳಲಿಲ್ಲ, ಮುಂದಿಟ್ಟರೆ ಎದ್ದಿತು. ಪೆಟ್ರೋಲ್ ಟ್ಯಾಂಕನ್ನೂ ಮುಂದಕ್ಕೆ ಸರಿಸಿದೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡೊಂದನ್ನು ಹಿಡಿಗೆ ಬಿಗಿಯಾಗಿ ಸೇರಿಸಿ, ನಾನೂ ನಡುವಿನ ಹಲಗೆಯಿಂದಲೇ ನಡೆಸುವಂತೆ ಮಾಡಿಕೊಂಡೆ.

ಉಪಾಯವೇನೋ ಸಿಕ್ಕಿತ್ತು. ತೊಡಕು ಬೇರೆಯದೇ ಇತ್ತು. ನಮ್ಮ ದೋಣಿಯಲ್ಲಿ ಹಿಂದಿನ ಹಲಗೆ ದೊಡ್ಡವರ ಜಾಗ. ಅಲ್ಲಿ ಕುಲುಕಾಟ ಕಡಿಮೆ, ನೀರು ಸಿಡಿಯುವುದಿಲ್ಲ. ಮುಂದೆ ಕೂರುವವರು ಹುಡುಗರು ಮತ್ತು ಆಳುಗಳು. ಸಾವ್ಕಾರರು ತೂಕದಲ್ಲಿಯೂ ದೊಡ್ಡವರೇ. ಅವರು ಬಂದಾಗಲೆಲ್ಲ ಹಿಂದಿನ ಹಲಗೆಗೆ ಮೆತ್ತೆ ಹಾಸಿ, ಕೈ ಹಿಡಿದು ಕೂರಿಸುತ್ತಿದ್ದವಳು ನಾನೇ. ದೋಣಿಯ ಹಿಂಭಾಗವನ್ನು ಅಷ್ಟು ದಿನ ಮುಳುಗಿಸಿಟ್ಟಿದ್ದು ದೊಡ್ಡವರಿಗೆ ನಾನು ಕೊಡುತ್ತಿದ್ದ ಮರ್ಯಾದೆಯೇ.

ಭಾನುವಾರ ಸಾವ್ಕಾರರು, ಹೊನ್ನಾಳಿಯವನು, ಕೆರೆ ನೋಡಲು ಬಂದಿದ್ದ ನ್ಯಾಮತಿಯ ಒಬ್ಬ ಮುದುಕಮ್ಮ ಮತ್ತು ಅವರ ಸೊಸೆ ಹತ್ತಿದರು. ನಾಲ್ವರಿಗೂ ತೇಲುವ ಅಂಗಿ ಕಟ್ಟಿದೆ. ಸಾವ್ಕಾರರು ತಾವಾಗಿ ಹಿಂದಿನ ಹಲಗೆಗೆ ಹೋದರು. ಹೇಳಬೇಕೆಂದು ಬಾಯಿ ತೆರೆದೆ. ಕೈ ಮಾತ್ರ ಮೆತ್ತೆ ಹಾಸಿತು. ಪೈಪನ್ನು ಬಿಚ್ಚಿ ಕೆಳಗಿಟ್ಟು ನಾನೂ ಹಿಂದೆ, ಮೋಟಾರಿನ ಪಕ್ಕವೇ ಕೂತೆ. ಮೊದಲ ಓಟದಲ್ಲಿ ಆದದ್ದು ಎಂದಿನಂತೆಯೇ. ಮೂತಿ ಎದ್ದು ನನ್ನೆದುರಿನ ಕೆರೆಯನ್ನೇ ಮರೆಮಾಡಿತು. ಎಂಜಿನ್ ಅರಚಿತು. ದೋಣಿ ಏಳಲಿಲ್ಲ.

"ಆತಲ್ಲ, ತಿರುಗ್ಸು," ಎಂದರು ಸಾವ್ಕಾರರು.

"ಕಿಟಕಿಯಾಗೆ ನೆರಳಿರ್ತೈತೆ ತಂಗಿ, ಬಿಸಿಲಾಗೆ ನಿಲ್ಲೋದು ತಪ್ತು," ಎಂದ ಹೊನ್ನಾಳಿಯವನು.

ನಾನು ತಿರುಗಿಸಲಿಲ್ಲ. ಕೆರೆಯ ನಡುವೆ ಎಂಜಿನ್ ನಿಲ್ಲಿಸಿದೆ. ನೀರಿನ ಸಪ್ಪಳವಷ್ಟೇ ಉಳಿಯಿತು.

"ಸಾವ್ಕಾರ್ರೇ, ನೀವು ಮುಂದಿನ ಹಲಗೆಗೆ ಹೋಗಿ ಕೂತ್ಕಳ್ರಿ."

"ಯಾರಿಗೆ ಹೇಳ್ತಿದೀಯ?"

"ನಿಮಗೇ. ನಾಲ್ಕು ಮಂದೀನ ಕೂರಿಸಿ ಎಬ್ಬಿಸು ಅಂದ್ರಿ. ಎಲ್ಲಿ ಕೂರಿಸ್ಬೇಕು ಅನ್ನೋದು ದೋಣಿ ನಡೆಸೋರಿಗೆ ಬಿಟ್ಟಿದ್ದು."

"ಆಳುಗಳ ಜಾಗದಾಗೆ ನಾನು ಕೂರ್ಬೇಕೇನು?"

"ಕೂರ್ಬೇಕು. ಅಲ್ಲೀಗಂಟ ಎಂಜಿನ್ ಹಚ್ಚಲ್ಲ."

ಸಾವ್ಕಾರರ ಮುಖ ಕೆಂಪಗಾಯಿತು. ಹೊನ್ನಾಳಿಯವನು ಎಂಜಿನ್ನಿನ ಹಿಡಿಗೆ ಕೈ ಚಾಚಿದ. ಎಂಜಿನ್ ಹತ್ತಿಸಲು ಬೇಕಾದ ಕೆಂಪು ಹಗ್ಗದ ಕೊಕ್ಕೆ ನನ್ನ ಮಣಿಕಟ್ಟಿನಲ್ಲಿತ್ತು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಮೊದಲು ಎದ್ದವರು ನ್ಯಾಮತಿಯ ಮುದುಕಮ್ಮ. "ಏನವ್ವಾ, ಮುಂದೆ ಕೂತೋರು ಮೊದ್ಲು ಮುಳುಗ್ತಾರೇನು?"

"ಇಲ್ಲ ಅಜ್ಜಿ. ಮೊದ್ಲು ದಡ ಕಾಣ್ತಾರೆ. ನಿಧಾನಕ್ಕೆ, ಬಗ್ಗಿಕೊಂಡೇ ಬರ್ರಿ."

"ಹಂಗಾದ್ರೆ ಬರ್ರಪ್ಪಾ, ನಂಗೇನು ರಾತ್ರಿವರ್ಗೂ ಇಲ್ಲೇ ಇರಾಕೆ ಆಗಲ್ಲ," ಎಂದು ಅವರು ಸೊಸೆಯ ಹೆಗಲು ಹಿಡಿದು ಮುಂದಕ್ಕೆ ಸರಿದರು. ಸಾವ್ಕಾರರೂ ಕೊನೆಗೆ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಲಗೆಗಳನ್ನು ಹಿಡಿದು ಹಿಡಿದು ಮುಂದೆ ಹೋಗಿ ಅಜ್ಜಿಯ ಪಕ್ಕ ಕೂತರು. ಸೊಸೆ ಮತ್ತು ಹೊನ್ನಾಳಿಯವನು ನಡುವೆ, ನನ್ನ ಅಕ್ಕಪಕ್ಕ. ಹಿಂದಿನ ಹಲಗೆ ಖಾಲಿ. ಪೈಪನ್ನು ಹಿಡಿಗೆ ಸೇರಿಸಿದೆ.

ಹಿಡಿ ಪೂರ್ತಿ ತಿರುವಿದಾಗ ಮೂತಿ ಮತ್ತೆ ಎದ್ದಿತು. ಆದರೆ ಈ ಸಲ ಅದು ಅಲ್ಲಿಯೇ ನಿಲ್ಲಲಿಲ್ಲ. ದಿಣ್ಣೆಯ ನೆತ್ತಿ ದಾಟಿದ ಗಾಡಿಯಂತೆ ಮುಂದಕ್ಕೆ ಬಾಗಿತು, ಮರೆಯಾಗಿದ್ದ ಕೆರೆಯೆಲ್ಲ ಒಮ್ಮೆಲೇ ಕಣ್ಣೆದುರು ಬಿಚ್ಚಿಕೊಂಡಿತು. ಎಂಜಿನ್ನಿನ ಅರಚಾಟ ತಿಳಿಯಾದ ಗುಂಯ್‌ಗಾಟವಾಯಿತು. ಮಗ್ಗುಲಲ್ಲಿ ಸಿಡಿಯುತ್ತಿದ್ದ ನೀರು ಹಿಂದಕ್ಕೆ ಸರಿಯಿತು. ದೋಣಿ ಎದ್ದಿತ್ತು.

"ಎದ್ತು ಕಣ್ರೋ!" ಎಂದು ಅಜ್ಜಿ ಸಾವ್ಕಾರರ ತೊಡೆಗೆ ಹೊಡೆದರು. ಸಾವ್ಕಾರರ ಎರಡೂ ಕೈ ದೋಣಿಯ ಅಂಚನ್ನು ಹಿಡಿದಿದ್ದವು.

ದಡದಲ್ಲಿ ಇಳಿಯುವಾಗಲೂ ಅವರು ನನ್ನ ಮುಖ ನೋಡಲಿಲ್ಲ. ನಾಲ್ಕು ಹೆಜ್ಜೆ ಹೋಗಿ ಹೊನ್ನಾಳಿಯವನಿಗೆ, "ನೀನು ಬಸ್ಸಿಗೆ ಹೊರಡಪ್ಪಾ," ಎಂದರು. ಅವನು ಹೊರಡುವ ಮುನ್ನ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, ಎಷ್ಟು ಉದ್ದ ಎಂದು ಕೇಳಿದ. ಹೇಳಿದೆ. ಮುಚ್ಚಿಡುವಂಥದ್ದೇನೂ ಅದರಲ್ಲಿರಲಿಲ್ಲ.

ಮೆತ್ತೆ ಈಗ ಮುಂದಿನ ಹಲಗೆಗೆ ಕಟ್ಟಿದೆ. ಸಾವ್ಕಾರರಿಗೇ ಎದುರು ಹೇಳಿದ ಹೆಂಗಸು ಎಂದು ಊರಿನಲ್ಲಿ ಕೆಲವರು ಆಡಿಕೊಳ್ಳುತ್ತಾರೆಂಬುದು ನನ್ನ ಗಮನಕ್ಕೆ ಬಂದಿರುತ್ತದೆ. ಹೇಳಿದ್ದು ನಿಜ. ಯಾರೇ ಬರಲಿ, ಎಷ್ಟೇ ದೊಡ್ಡವರಿರಲಿ, ನಾನು ತೋರಿಸಿದ ಜಾಗದಲ್ಲಿ ಕೂರತಕ್ಕದ್ದು. ಕೂರದವರು ದಡದಲ್ಲೇ ನಿಂತು ನೋಡಬಹುದು.