ರಂಜಕಕ್ಕೆ ಹತ್ತಕ್ಕೆ ಹತ್ತು

ವಾಡಿ ಸಂತೆಯಿಂದ ತಂದ ಹಣ್ಣು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಐನಾಪುರದ ನಮ್ಮ ಅಡುಗೆಮನೆ ಕಣ್ಣಮುಂದೆ ಬಂತು.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಬೆಳಗಿನಿಂದ ಒರಳಿನ ಮುಂದೆ ಕೂತು ಮೆಣಸಿನಕಾಯಿ, ಉಪ್ಪು, ಮೆಂತ್ಯ, ಬೆಲ್ಲ ಸೇರಿಸಿ ರಂಜಕ ಕುಟ್ಟುವಳು. ಅಷ್ಟು ಹೊತ್ತು ಘಾಟು ಕುಡಿದ ನಾಲಿಗೆಯನ್ನು ನಂಬಬಾರದು ಎಂಬುದು ಅವಳ ನಿಯಮ. ಬೇರೆಯವರು ರುಚಿ ನೋಡಿ ಹೇಳಿದ ಮೇಲೆಯೇ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ವರ್ಷ, ರುಚಿ ನೋಡಲು ಮೊದಲ ಸಲ ನನ್ನನ್ನು ಕರೆದಳು. ರೊಟ್ಟಿ ಚೂರಿಗೆ ಹಚ್ಚಿ ಕೊಟ್ಟು, "ಖಾರ ಹೆಚ್ಚಾಗ್ಯದೇನು? ಬೆಲ್ಲ ಬೇಕಾದ್ರ ಈಗೇ ಹೇಳು," ಎಂದಳು.

ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಆದರೂ ಖಾರಕ್ಕೆ ಸೋತೆ ಎನ್ನಿಸಿಕೊಳ್ಳಬಾರದೆಂದು ಹಠ. "ಏನೂ ಬ್ಯಾಡ ಆಯಿ, ಹತ್ತಕ್ಕ ಹತ್ತು," ಎಂದೆ. ಅವಳು ನಂಬಿ ಭರಣಿ ಕಟ್ಟಿದಳು.

ವರ್ಷವಿಡೀ ಮನೆಮಂದಿ ಹಾ ಹಾ ಎನ್ನುತ್ತಲೇ ಉಂಡರು. ಆಯಿ ನನ್ನನ್ನು ಬೈಯಲಿಲ್ಲ. ಎಲ್ಲರ ತಾಟಿನಲ್ಲೂ ರಂಜಕದ ಪಕ್ಕ ಚೂರು ಬೆಲ್ಲ ಇಡುತ್ತಿದ್ದಳು. ನನ್ನ ತಾಟಿಗೆ ಮಾತ್ರ ಇಡಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಕುಟ್ಟಿದವಳು ನಾನು, ರುಚಿ ನೋಡಿದವಳು ನನ್ನ ಮಗಳು. ಮೂಗು ಒರೆಸಿಕೊಳ್ಳುತ್ತ, "ಭಾಳ ಛಲೋ ಆಗ್ಯದವ್ವ, ಹತ್ತಕ್ಕ ಹತ್ತು," ಎಂದಳು.

ನಾನು ಭರಣಿ ಕಟ್ಟಲಿಲ್ಲ. ಬೆಲ್ಲದ ಡಬ್ಬಿಯನ್ನು ಅವಳ ಮುಂದೆ ಸರಿಸಿದೆ.

"ಮೊದಲು ನೀರು ಕುಡಿ. ಆಮ್ಯಾಲ ಖರೇ ಮಾರ್ಕು ಹೇಳು."