ಫ್ಲೌರ್ ಯಾರ ಪೈಕಿ?

ಬಸ್ಸಿನಲ್ಲಿ ಪಕ್ಕದವರು ಮಾತಿಗೆ ಶುರುಮಾಡುವ ಮೊದಲೇ ನಾನು ಪತ್ರಿಕೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಓದುವ ಹಂಬಲದಿಂದಲ್ಲ, ಹೆದರಿಕೆಯಿಂದ. ನಮ್ಮ ಕಲಬುರಗಿ ಸೀಮೆಯಲ್ಲಿ "ಯಾವೂರ್ರೀ?" ಎಂದು ಕೇಳಿದವರು ಅಷ್ಟಕ್ಕೇ ಬಿಡುವುದಿಲ್ಲ. ಮುಂದಿನ ಸ್ಟಾಪು ಬರುವುದರೊಳಗೆ "ಯಾರ ಪೈಕಿ ರೀ?" ಬಂದೇ ಬರುತ್ತದೆ. ಯಾರ ಮನೆಯವರು, ಯಾರ ಬಳಗ ಎಂದು ಪತ್ತೆ ಹಚ್ಚುವ ಪ್ರಶ್ನೆ ಅದು. ಅದರ ಹೊಟ್ಟೆಯೊಳಗೆ ಜಾತಿಯೂ ಬೆಚ್ಚಗೆ ಮಲಗಿರುತ್ತದೆ. ನಮ್ಮದು ಬೌದ್ಧರ ಮನೆ. ಉತ್ತರ ಕೇಳಿದ ಮೇಲೆ ಕೆಲವರು ಥಟ್ಟನೆ ಕಿಟಕಿಯಾಚೆ ನೋಡತೊಡಗುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಹಾಗಾಗಿ ಪತ್ರಿಕೆ. ಅವಸರದಲ್ಲಿ ಅದನ್ನು ತಲೆಕೆಳಗಾಗಿ ಹಿಡಿದದ್ದೂ ಉಂಟು.

ಇಂಥ ನಾನು ಮೂವತ್ತು ವರ್ಷ ಇಂಗ್ಲಿಷ್ ಮಾಸ್ತರಿಕೆ ಮಾಡಿದೆ. ನಿವೃತ್ತನಾದರೂ ಚಟ ಬಿಡದೆ, ಜೇವರ್ಗಿ ಕಾಲೋನಿಯ ಮನೆಯಲ್ಲಿ ಭಾನುವಾರ ಟ್ಯೂಷನ್ ಹೇಳುತ್ತೇನೆ. ಒಂದೇ ಸದ್ದಿನ ಜೋಡಿ ಪದಗಳ ಪಾಠವೆಂದರೆ ನನಗೆ ವಿಶೇಷ ಹೆಮ್ಮೆ. ಹಲಗೆಯ ನಡುವೆ ಗೀಟು ಎಳೆಯುವುದು, ಈ ಕಡೆ ಹಿಟ್ಟಿನ ಫ್ಲೌರ್, ಆ ಕಡೆ ಹೂವಿನ ಫ್ಲವರ್ ಬರೆಯುವುದು, "ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ, ಬಾಯಿಪಾಠ ಮಾಡ್ರಿ" ಎಂದು ಗದರುವುದು. ಇಷ್ಟೇ ನನ್ನ ಪದ್ಧತಿ.

ಕಮಲಾಪುರದ ಮಹಾದೇವಿ ನನ್ನ ಟ್ಯೂಷನ್ನಿಗೆ ಬಂದಾಗ ಆಕೆಗೆ ಮೂವತ್ತು ದಾಟಿತ್ತು. ಊರಿನ ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ಪಿಯುಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು, ಎರಡು ಸಲ ಕೈಕೊಟ್ಟಿತ್ತು. ಅದೊಂದು ದಾಟಿದರೆ ಅಂಗನವಾಡಿ ಟೀಚರಾಗಲು ಅರ್ಜಿ ಹಾಕಬಹುದೆಂಬುದು ಆಕೆಯ ಆಸೆ. ಬರುವಾಗಲೆಲ್ಲ ತಮ್ಮೂರಿನ ಕೆಂಪು ಬಾಳೆಹಣ್ಣು ತರುತ್ತಿದ್ದಳು. ನಾನು ಪ್ರತಿಯಾಗಿ ಜೋಡಿ ಪದಗಳನ್ನು ಕೊಟ್ಟು ಕಳಿಸುತ್ತಿದ್ದೆ. ಯಾರಿಗೆ ಲಾಭವೆಂದು ನೀವೇ ಹೇಳಿ.

ಒಂದು ಭಾನುವಾರ ಫ್ಲೌರ್, ಫ್ಲವರ್ ಬರೆದುಕೊಳ್ಳುತ್ತಿದ್ದ ಆಕೆ ಪೆನ್ನು ಕೆಳಗಿಟ್ಟು ಕೇಳಿದಳು. "ಸರ್, ಇವು ಯಾರ ಪೈಕಿ ರೀ?"

ನಾನು ಬೆಚ್ಚಿದೆ. ಬಸ್ಸಿನಲ್ಲಿ ತಪ್ಪಿಸಿಕೊಂಡ ಪ್ರಶ್ನೆ ಮನೆಗೇ ಹುಡುಕಿಕೊಂಡು ಬಂದಿತ್ತು.

"ನಮ್ಮ ಓಣ್ಯಾಗ ಇಬ್ಬರು ಶಾಂತಮ್ಮ ಅದಾರ ರೀ," ಎಂದು ಆಕೆ ಮುಂದುವರಿಸಿದಳು. "ಒಬ್ಬಾಕಿ ಗಿರಣಿಯವರ ಪೈಕಿ, ಒಬ್ಬಾಕಿ ಬಾಳಿ ತ್ವಾಟದವರ ಪೈಕಿ. ಅಷ್ಟು ಗೊತ್ತಾದ ಮ್ಯಾಲ ಗಲಿಬಿಲಿ ಆಗಂಗಿಲ್ಲ. ಈ ಪದಗಳು ಯಾರ ಮನ್ಯಾಗ ಹುಟ್ಯಾವ್ರೀ?"

ಗೊತ್ತಿಲ್ಲ ಎನ್ನಬಹುದಿತ್ತು. ಮೂವತ್ತು ವರ್ಷದ ಮಾಸ್ತರನ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುತ್ತದೆಯೇ? "ಪದಕ್ಕೆಂಥಾ ಪೈಕಿ? ಬಾಯಿಪಾಠ ಮಾಡು ಅಂದ್ರ ಮಾಡು" ಎಂದು ರೇಗಿದೆ. ಆಕೆ ನೋಟ್‌ಬುಕ್ ಮುಚ್ಚಿಕೊಂಡು ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಫೋನ್ ಮಾಡಿದರೆ, "ಈ ಸಲ ಪರೀಕ್ಷಾಕ್ಕ ಕೂಡಂಗಿಲ್ಲ ರೀ ಸರ್. ನನಗ ಹಿಟ್ಟೇ ಸಾಕು ಬಿಡ್ರಿ" ಎಂದಳು. ಪರೀಕ್ಷೆಗೆ ಹನ್ನೆರಡೇ ದಿನ ಉಳಿದಿತ್ತು. ನನಗೆ ನಾಚಿಕೆಯಾಯಿತು. ಕಿಟಕಿಯಾಚೆ ನೋಡುವವರ ಹಾಗೆ, ಎದುರಿನವರಿಗೆ ಬೆನ್ನು ತಿರುಗಿಸುವ ವಿದ್ಯೆಯನ್ನು ನಾನೂ ಕಲಿತುಬಿಟ್ಟಿದ್ದೆ.

ಆ ಸಂಜೆ ದಪ್ಪ ನಿಘಂಟನ್ನು ಇಳಿಸಿ ಧೂಳು ಕೊಡವಿದೆ. ಏನು ಹೇಳಲಿ! ಫ್ಲೌರ್ ಮತ್ತು ಫ್ಲವರ್ ಒಂದೇ ಪದ. ಬೀಸಿದ ಕಾಳಿನಲ್ಲಿ ಜರಡಿ ಹಿಡಿದು ತೆಗೆದ ನುಣುಪಾದ, ಶ್ರೇಷ್ಠವಾದ ಭಾಗಕ್ಕೆ ಹಿಂದೆ ಇಂಗ್ಲಿಷರು 'ಹೂವು' ಅನ್ನುತ್ತಿದ್ದರಂತೆ. ಬರವಣಿಗೆಯಲ್ಲಿ ಬೇರೆ ಮನೆ ಮಾಡಿದ್ದು ಆಮೇಲಿನ ಮಾತು. ಒಂದೇ ಮನೆಯವರ ನಡುವೆ ನಾನು ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಗೋಡೆ ಕಟ್ಟಿದ್ದೆ. ಅಲ್ಲಿಗೆ ನಿಲ್ಲಲಾಗಲಿಲ್ಲ. ತೋಳಿನ ಮಸಲ್ಲೂ ಸಮುದ್ರದ ಚಿಪ್ಪಿನೊಳಗಿನ ಜೀವಿಯಾದ ಮಸಲ್ಲೂ 'ಪುಟ್ಟ ಇಲಿ' ಎಂಬರ್ಥದ ಒಂದೇ ಲ್ಯಾಟಿನ್ ಪದದ ಸಂತಾನವೆಂದು ತಿಳಿದು ನನ್ನ ಬಡಕಲು ತೋಳನ್ನು ಮಡಚಿ ನೋಡಿಕೊಂಡೆ. ಇಲಿ ಕಾಣಲಿಲ್ಲ. ನಿಜವಾಗಿಯೂ ಸಂಬಂಧವಿಲ್ಲದ ಜೋಡಿಗಳೂ ಇದ್ದವು. ಮಗ ಎಂಬ ಸನ್ನಿಗೂ ಸೂರ್ಯ ಎಂಬ ಸನ್ನಿಗೂ ಯಾವ ನೆಂಟಸ್ತಿಕೆಯೂ ಇಲ್ಲ, ತಾಯಂದಿರು ಏನೇ ಹೇಳಲಿ.

ಮರುದಿನ ಬೆಳಿಗ್ಗೆ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ರೊಟ್ಟಿ ಕೇಂದ್ರದಲ್ಲಿ ಐದಾರು ಹೆಂಗಸರು ಟಪಟಪ ರೊಟ್ಟಿ ಬಡಿಯುತ್ತಿದ್ದರು. ಮಹಾದೇವಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಲ್ಲರೆದುರೇ ಹೇಳಿದೆ, "ತಂಗಿ, ನೀ ಕೇಳಿದ್ದು ಖರೇ ಇತ್ತು. ನಾ ಮೂವತ್ತು ವರ್ಷ ತಪ್ಪು ಹೇಳೀನಿ. ಎರಡೂ ಒಂದೇ ಮನಿಯವು." ಹಿಟ್ಟು ಹೂವಾದ ಕಥೆಯನ್ನೂ ಹೇಳಿದೆ.

ಆಕೆಯ ಕೈ ನಿಂತಿತು. ಜರಡಿಯ ಕೆಳಗೆ ಬಿದ್ದ ಬಿಳಿ ಗುಡ್ಡೆಯನ್ನು ನೋಡಿದಳು.

"ಹಂಗಾರ ನಾ ದಿನಾ ಹೂವೇ ಜರಡಿ ಹಿಡಿಯಾಕತ್ತೀನಲ್ರೀ!"

ಎಲ್ಲರೂ ನಕ್ಕರು. ನಾನು ಹುರುಪಿನಿಂದ ಸ್ಟೇಷನರಿ ಎಂಬ ಜೋಡಿಗೆ ಹಾರಿದೆ. ಕದಲದೆ ನಿಂತದ್ದೂ ಸ್ಟೇಷನರಿ, ಕಾಗದ ಪೆನ್ನೂ ಸ್ಟೇಷನರಿ. ಯಾಕೆಂದರೆ ಹಿಂದೆ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುತ್ತಿದ್ದವನಿಗೆ ಸ್ಟೇಷನರ್ ಎಂಬ ಹೆಸರಿತ್ತು. "ಅಂದ್ರ ರೋಡಿನ ಮ್ಯಾಲ ಬಾಳೆಹಣ್ಣು ಮಾರೋ ನಮ್ಮತ್ತೀನೂ ಅದೇ ಪೈಕಿ ರೀ. ಕುಂತ ಜಾಗ ಬಿಟ್ಟು ಏಳಂಗಿಲ್ಲ" ಎಂದಳು ಮಹಾದೇವಿ. ಹೊರಡುವಾಗ ತಾನಾಗಿಯೇ ಹೇಳಿದಳು, "ಭಾನುವಾರ ಬರ್ತೀನ್ರೀ ಸರ್."

ಬಂದಳು, ಪರೀಕ್ಷೆಗೂ ಕೂತಳು. ಪ್ರಶ್ನೆಪತ್ರಿಕೆಯಲ್ಲಿ ಹಿಟ್ಟೂ ಇರಲಿಲ್ಲ, ಹೂವೂ ಇರಲಿಲ್ಲವಂತೆ. ಆದರೆ ಪ್ರತಿ ಪದವನ್ನೂ ಪರಿಚಯದವರಂತೆ ಮಾತಾಡಿಸಿ ಬಂದೆ ಎಂದಳು. ಕಳೆದ ವಾರ ಫಲಿತಾಂಶ ಬಂತು. ಆಕೆ ಪಾಸು. ಸಿಹಿ ತಿನ್ನಲು ಕರೆದಳು, ಹೋಳಿಗೆ ಉಂಡು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕಮಲಾಪುರದ ಒಬ್ಬ ಅಜ್ಜ ಕೂತ. ಪತ್ರಿಕೆ ಚೀಲದಲ್ಲೇ ಇತ್ತು.

"ಯಾರ ಪೈಕಿ ರೀ?"

"ರೊಟ್ಟಿ ಕೇಂದ್ರದ ಮಹಾದೇವಿ ಪೈಕಿ ರೀ. ಆಕಿ ಇಂಗ್ಲಿಷ್ ಮಾಸ್ತರ" ಎಂದೆ. ಆಮೇಲೆ, ಆತ ಕೇಳದಿದ್ದರೂ, ನಮ್ಮ ಮನೆಯ ವಿಷಯವನ್ನೂ ನಾನೇ ಹೇಳಿದೆ. ಹೇಳಿ, ಅಭ್ಯಾಸಬಲದಿಂದ ನಾನೇ ಕಿಟಕಿಯ ಕಡೆ ನೋಡಿದೆ. ಅಜ್ಜ ಅತ್ತ ನೋಡಲಿಲ್ಲ. ನನಗೆ ಕೂರಲು ಇನ್ನಷ್ಟು ಜಾಗ ಬಿಟ್ಟು ಸರಿದು ಕೇಳಿದ:

"ಪಾಸಾದ್ಲೇನ್ರೀ ನಮ್ಮ ಹುಡುಗಿ?"